ಮಲಗಿದ್ದ ಮಗುವನ್ನು ಯಾರೂ ಕೇಳಲಿಲ್ಲ

ನಂಜನಗೂಡಿನ ಒಂದು ಮನೆತನದ ಕಥೆ ಹೇಳಿದ ‘ವಂಶವೃಕ್ಷ’ ಚಿತ್ರಕ್ಕೆ ಐವತ್ತು ವರ್ಷ ದಾಟಿದೆ. ಹೆತ್ತವರು ಮತ್ತು ಮಕ್ಕಳ ನಡುವಿನ ಬಿರುಕನ್ನು, ಅದರ ಪಕ್ಕದಲ್ಲೇ ಹರಿಯುವ ನದಿಯನ್ನು ಒಟ್ಟಿಗೆ ಇಟ್ಟು ನೋಡಿದ ಆ ಚಿತ್ರವನ್ನು ಕಪಿಲೆಯ ದಂಡೆಯ ಊರುಗಳು ಇಂದು ಮತ್ತೆ ನೋಡಬೇಕಾಗಿದೆ.

ಕಾತ್ಯಾಯಿನಿ ತನ್ನ ಮಗುವನ್ನು ಕೇಳಿಕೊಂಡು ನಂಜನಗೂಡಿಗೆ ಬರುತ್ತಾಳೆ. ಒಂದು ಕಾಲಕ್ಕೆ ಅದು ಅವಳದೇ ಮನೆ. ಗಂಡ ನಂಜುಂಡ ಶ್ರೋತ್ರಿ ಕಪಿಲಾ ನದಿಯ ಪಾಲಾದ ಮೇಲೆ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡಿ ಓದಿದವಳು, ಅಲ್ಲಿ ಪರಿಚಯವಾದ ಅಧ್ಯಾಪಕ ರಾಜನನ್ನು ಮದುವೆಯಾಗಿ ಹೊರಟುಹೋದವಳು. ಈಗ ಎದುರಿಗಿರುವುದು ಮಾವ ಶ್ರೀನಿವಾಸ ಶ್ರೋತ್ರಿ. ಅವರು ಗದರುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ, ಶಾಪ ಹಾಕುವುದಿಲ್ಲ. ಮಗು ಈ ವಂಶಕ್ಕೆ ಸೇರಿದ್ದು ಎಂಬ ತಮ್ಮ ನಂಬಿಕೆಯನ್ನು ಹೇಳಿ ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಮಗು ನಿದ್ದೆಯಲ್ಲಿದೆ. ಅವಳು ನೋಡುತ್ತಾಳೆ, ತಡೆದು ನಿಲ್ಲುತ್ತಾಳೆ, ಬರಿಗೈಯಲ್ಲಿ ಹೊರಡುತ್ತಾಳೆ.

ಕನ್ನಡ ತೆರೆಯ ಮೇಲೆ ತಾಯಿ–ಮಕ್ಕಳು ಅಗಲುವ ದೃಶ್ಯಗಳು ಬೇಕಾದಷ್ಟಿವೆ. ಅಗಲಿಸುವವರು ಯಾರೆಂಬುದೂ ನಮಗೆ ಮೊದಲೇ ಗೊತ್ತಿರುತ್ತದೆ: ಮಲತಾಯಿ, ಊರ ಸಾಹುಕಾರ, ಹಠಮಾರಿ ಅತ್ತೆ. ‘ವಂಶವೃಕ್ಷ’ದಲ್ಲಿ ಬೈದು ಸಮಾಧಾನ ಮಾಡಿಕೊಳ್ಳಲು ಯಾರೂ ಸಿಗುವುದಿಲ್ಲ. ಮಾವ ಸಜ್ಜನ, ಸೊಸೆ ಪ್ರಾಮಾಣಿಕಳು, ಎರಡನೆಯ ಗಂಡ ಅವಳನ್ನು ಮನಸಾರೆ ಪ್ರೀತಿಸುವವನು. ಇಷ್ಟೆಲ್ಲ ಒಳ್ಳೆಯವರ ನಡುವೆಯೂ ಒಂದು ಮಗು ತಾಯಿಯಿಲ್ಲದೆ ಬೆಳೆಯುತ್ತದೆ, ಒಬ್ಬ ತಾಯಿ ಮಗನಿಲ್ಲದೆ ಬದುಕು ಸವೆಸುತ್ತಾಳೆ. ಹೀಗೇಕಾಯಿತು ಎಂದು ಕೇಳಿಕೊಳ್ಳುವ ಭಾರವನ್ನು ಚಿತ್ರ ನೋಡುವವರ ಹೆಗಲಿಗೆ ದಾಟಿಸುತ್ತದೆ. ನನ್ನ ಉತ್ತರ ಇಷ್ಟು: ಆ ಮನೆಯಲ್ಲಿ ಎಲ್ಲರೂ ಧರ್ಮದ ಬಗ್ಗೆ ಯೋಚಿಸಿದರು, ಹಕ್ಕಿನ ಬಗ್ಗೆ ಯೋಚಿಸಿದರು, ಮಲಗಿದ್ದ ಮಗುವಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ಊರಿನ ಮಗ ಹಣ ಹಾಕಿದ ಚಿತ್ರ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಅದನ್ನು ತೆರೆಗೆ ತಂದವರು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ. ನಿರ್ದೇಶಕರಾಗಿ ಇಬ್ಬರಿಗೂ ಅದು ಮೊದಲ ಕಥಾಚಿತ್ರ. 1971ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಈ ಇಬ್ಬರಿಗೂ ಸೇರಿ ಬಂತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಅದರದೇ ಆಯಿತು. ಶ್ರೋತ್ರಿಯವರಾಗಿ ವೆಂಕಟರಾವ್ ತಲಗೇರಿ, ಕಾತ್ಯಾಯಿನಿಯಾಗಿ ಎಲ್.ವಿ. ಶಾರದಾ, ರಾಜನಾಗಿ ಸ್ವತಃ ಕಾರ್ನಾಡರು ನಟಿಸಿದರು. ಭಾಸ್ಕರ ಚಂದಾವರ್ಕರ್ ಸಂಗೀತ ಕೊಟ್ಟರು. ಸಂಪತ್ ಕುಮಾರ್ ಎಂಬ ತರುಣ ಸಣ್ಣದೊಂದು ಪಾತ್ರದಲ್ಲಿ ಬಂದುಹೋದ; ಮುಂದೆ ಕನ್ನಡಿಗರು ಅವನನ್ನು ವಿಷ್ಣುವರ್ಧನ್ ಎಂದು ಕರೆದರು. ಕಥೆ ತೆಲುಗಿಗೂ ಹೋಯಿತು. ಬಾಪು ನಿರ್ದೇಶಿಸಿದ 1980ರ ‘ವಂಶ ವೃಕ್ಷಂ’ ಚಿತ್ರದಲ್ಲಿ ಆಗಿನ್ನೂ ಹೊಸಬರಾಗಿದ್ದ ಅನಿಲ್ ಕಪೂರ್ ನಟಿಸಿದರು.

ಈ ಚಿತ್ರದ ನಿರ್ಮಾಪಕರು ಜಿ.ವಿ. ಅಯ್ಯರ್. ಅವರು ಹುಟ್ಟಿದ್ದು 1917ರಲ್ಲಿ, ಇದೇ ನಂಜನಗೂಡಿನಲ್ಲಿ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ‘ಬೇಡರ ಕಣ್ಣಪ್ಪ’ದಂಥ ಚಿತ್ರಗಳಲ್ಲಿ ಬಣ್ಣ ಹಚ್ಚಿ, ಹಾಡು ಬರೆದು, ಚಿತ್ರಗಳನ್ನು ನಿರ್ಮಿಸಿ, ನಡುವಯಸ್ಸು ದಾಟಿದ ಮೇಲೆ ದಾರಿ ಬದಲಿಸಿದ ಮನುಷ್ಯ. ಮುಂದೆ ‘ಹಂಸಗೀತೆ’, ಸಂಸ್ಕೃತದ ‘ಆದಿ ಶಂಕರಾಚಾರ್ಯ’ ಅವರ ಕೈಯಿಂದ ಬಂದವು. ಬರಿಗಾಲಲ್ಲೇ ಓಡಾಡುತ್ತಿದ್ದ ಆ ಹಿರಿಯರನ್ನು ನಾಡು ನೆನೆಯುವುದು ನಿರ್ದೇಶಕರೆಂದು. ಆದರೆ ತಮ್ಮ ಹುಟ್ಟೂರಿನ ಒಂದು ಮನೆಯ ನೋವಿನ ಕಥೆಗೆ, ಹಾಡು–ಕುಣಿತವಿಲ್ಲದ ಕಪ್ಪು–ಬಿಳುಪಿನ ಚಿತ್ರಕ್ಕೆ, ಇಬ್ಬರು ಹೊಸ ನಿರ್ದೇಶಕರನ್ನು ನಂಬಿ ಹಣ ಹಾಕಿದ್ದು ಅವರ ಬದುಕಿನ ದೊಡ್ಡ ಕೆಲಸಗಳಲ್ಲಿ ಒಂದು. ಕಪಿಲೆಯ ಇನ್ನೊಂದು ತುದಿಯಲ್ಲೂ ಅಂಥ ಧೈರ್ಯದ ಮಾದರಿ ಇತ್ತು. ತಿರುಮಕೂಡಲಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು 1943ರಲ್ಲೇ ‘ವಾಣಿ’ ಎಂಬ ಚಿತ್ರ ನಿರ್ಮಿಸಿ ಅದರಲ್ಲಿ ತಾವೇ ಕಾಣಿಸಿಕೊಂಡಿದ್ದರು.

ನದಿಗೆ ಮನೆತನ ಗೊತ್ತಿಲ್ಲ

ಶ್ರೋತ್ರಿಯವರ ಮನೆಗೆ ಮೊದಲ ಪೆಟ್ಟು ಕೊಡುವುದು ನದಿ. ಒಬ್ಬನೇ ಮಗ ಪ್ರವಾಹಕ್ಕೆ ಸಿಕ್ಕಿ ಹೋದ ಮೇಲೆ ಆ ಮನೆಯಲ್ಲಿ ಉಳಿಯುವುದು ಮುದುಕ, ಅವರ ಹೆಂಡತಿ ಭಾಗೀರತಮ್ಮ, ಇಪ್ಪತ್ತರ ಆಸುಪಾಸಿನ ವಿಧವೆ ಸೊಸೆ, ಎಳೆಗೂಸು, ಮತ್ತು ಮನೆಯವಳೇ ಆಗಿಹೋದ ಲಕ್ಷ್ಮಿ. ಮಗನನ್ನು ನುಂಗಿದ ನದಿಗೆ ತಂದೆ ಬೆಳಗಾದರೆ ಸ್ನಾನಕ್ಕೆ ಇಳಿಯಲೇಬೇಕು, ಅರ್ಘ್ಯ ಕೊಡಲೇಬೇಕು. ನಂಜನಗೂಡಿನ ಬದುಕನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ನಂಜುಂಡೇಶ್ವರನ ಗುಡಿ, ಸ್ನಾನಘಟ್ಟ, ಪರಶುರಾಮ ಕ್ಷೇತ್ರ, ಸತ್ತವರಿಗೆ ಬಿಡುವ ಎಳ್ಳು–ನೀರು, ಎಲ್ಲಕ್ಕೂ ಕಪಿಲೆಯೇ ಬೇಕು. ಮುನಿಸಿಕೊಂಡು ದೂರ ಇರಲು ಆಗದ ನಂಟು ಅದು.

ಈಗಿನ ಕಪಿಲೆಯನ್ನು ನೋಡಿದವರಿಗೆ ಆ ಪ್ರವಾಹದ ಅಂದಾಜು ಸಿಗುವುದು ಕಷ್ಟ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಇದೇ ನದಿಗೆ ಕಟ್ಟಿದ ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಕಾದಂಬರಿ, ಚಿತ್ರ ಎರಡೂ ಅದಕ್ಕಿಂತ ಹಿಂದಿನವು. ಅಲ್ಲಿಯವರೆಗೆ ವಯನಾಡಿನಲ್ಲಿ ಸುರಿದ ಆಷಾಢದ ಮಳೆ ನೇರ ನಂಜನಗೂಡಿನ ಮೆಟ್ಟಿಲಿಗೆ ಬರುತ್ತಿತ್ತು. ಅಣೆಕಟ್ಟೆ ಬಂದ ಮೇಲೂ ನದಿ ಪೂರ್ತಿ ಪಳಗಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿಯಿಂದ ಬಿಟ್ಟ ನೀರು ಮೈಸೂರು–ನಂಜನಗೂಡು ಹೆದ್ದಾರಿಯನ್ನು ಮಲ್ಲನಮೂಲೆ ಮಠದ ಬಳಿ ಮುಳುಗಿಸಿ ವಾಹನಗಳನ್ನು ನಿಲ್ಲಿಸಿತ್ತು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲುಸೇತುವೆ ಇಂಥ ಎಷ್ಟೋ ಮಹಾಪೂರಗಳನ್ನು ಕಂಡಿದೆ. ಎರಡು ಶತಮಾನಕ್ಕೂ ಹೆಚ್ಚು ಕಾಲ ದುಡಿದ ಆ ಸೇತುವೆಯ ಮೇಲೆ ಒಂದು ಕಾಲಕ್ಕೆ ಗಾಡಿಗಳೂ ರೈಲೂ ಪಕ್ಕಪಕ್ಕದಲ್ಲಿ ಸಾಗುತ್ತಿದ್ದವು. ಕಾತ್ಯಾಯಿನಿಯ ಕಥೆಯಲ್ಲಿ ಆ ನದಿ ಮತ್ತು ಆ ರೈಲು ಎದುರುಬದುರಾಗಿವೆ. ನದಿ ಅವಳನ್ನು ಮನೆಯೊಳಗೆ ಕೂರಿಸಿತು, ರೈಲು ಮನೆಯಿಂದ ಆಚೆ ತಂದಿತು.

ಅವಳನ್ನು ಕಾಲೇಜಿಗೆ ಕಳಿಸಲು ಒಪ್ಪಿದವರು ಶ್ರೋತ್ರಿಯವರೇ ಎಂಬುದನ್ನು ಮರೆಯಬಾರದು. ತಲೆ ಬೋಳಿಸಿ ಮೂಲೆಗೆ ಕೂರಿಸುವ ಪದ್ಧತಿ ಗಟ್ಟಿಯಾಗಿದ್ದ ಕಾಲದಲ್ಲಿ ಸೊಸೆಯ ಕೈಗೆ ಪುಸ್ತಕ ಕೊಟ್ಟ ಮಾವ ಅವರು. ಕಠೋರ ಸಂಪ್ರದಾಯಸ್ಥನೊಬ್ಬನ ಎದುರು ಬಂಡೆದ್ದ ಹೆಣ್ಣಿನ ಸರಳ ಕಥೆಯನ್ನಾಗಿ ಇದನ್ನು ನೋಡಹೊರಟರೆ ಚಿತ್ರ ಕೈಗೆ ಸಿಗುವುದಿಲ್ಲ.

ಎರಡು ಮೈಗಳ ಕಥೆ

ನದಿಯಷ್ಟೇ ಬಲವಾಗಿ ಈ ಕಥೆಯಲ್ಲಿ ಹರಿಯುವುದು ಮೈಯ ತುಡಿತ. ಮೊದಲ ಹೆರಿಗೆಯಲ್ಲೇ ಭಾಗೀರತಮ್ಮನ ಜೀವಕ್ಕೆ ಕುತ್ತು ಬಂದಿತ್ತು. ಇನ್ನೊಂದು ಬಸಿರು ಆಕೆಗೆ ಪ್ರಾಣಾಪಾಯ. ಶ್ರೋತ್ರಿಯವರಿಗೆ ಆಗಿನ್ನೂ ಹರೆಯ. ಲಕ್ಷ್ಮಿಯನ್ನು ಇಟ್ಟುಕೊಳ್ಳಲು ಹೆಂಡತಿಯೇ ಹೇಳುತ್ತಾಳೆ. ಅವರು ಒಳಗೊಳಗೆ ಹೊಯ್ದಾಡುತ್ತಾರೆ, ಕೊನೆಗೆ ತಮ್ಮನ್ನು ತಾವು ಕಟ್ಟಿಹಾಕಿಕೊಳ್ಳುತ್ತಾರೆ. ಕಾತ್ಯಾಯಿನಿಯ ಎದುರಿಗೂ ಅದೇ ಪ್ರಶ್ನೆ ಬರುತ್ತದೆ. ಹರೆಯದ ಬದುಕು ಮುಂದೆ ಬಿದ್ದಿರುವಾಗ ಅದನ್ನು ಬಚ್ಚಿಟ್ಟು ಬದುಕುವುದು ಅವಳಿಗೆ ಸುಳ್ಳೆನಿಸುತ್ತದೆ. ಮಾವ ಬಿಗಿಹಿಡಿದದ್ದನ್ನು ಸೊಸೆ ಒಪ್ಪಿಕೊಳ್ಳುತ್ತಾಳೆ.

ಕಥೆ ಇಬ್ಬರಿಗೂ ಬೆಲೆ ಕಟ್ಟುತ್ತದೆ, ಇಬ್ಬರಿಂದಲೂ ಬೆಲೆ ವಸೂಲು ಮಾಡುತ್ತದೆ. ರಾಜನೊಂದಿಗಿನ ದಾಂಪತ್ಯದಲ್ಲಿ ಕಾತ್ಯಾಯಿನಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ನಂಜನಗೂಡಿನಲ್ಲಿ ಬಿಟ್ಟುಬಂದ ಮಗುವಿನ ನೆನಪು ಒಂದೊಂದು ಬಸಿರು ಕಳೆದಾಗಲೂ ದೊಡ್ಡದಾಗುತ್ತದೆ. ಇದು ತನಗೆ ಸಿಕ್ಕ ಶಿಕ್ಷೆ ಎಂದು ಅವಳು ನಂಬತೊಡಗುತ್ತಾಳೆ. ಮರುಮದುವೆಯಾದ ಹೆಣ್ಣಿಗೆ ಲೇಖಕರು ಬೇಕೆಂದೇ ಬರೆ ಎಳೆದರು ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ನನಗೂ ಅಲ್ಲಿ ಎದೆ ಚುಚ್ಚುತ್ತದೆ. ಆದರೆ ಶಾರದಾ ಅವರ ಮುಖವನ್ನು ನೋಡುತ್ತ ಕೂತರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಪ್ರಕೃತಿ ಅವಳನ್ನು ದಂಡಿಸುತ್ತಿಲ್ಲ. ದಂಡನೆ ಎಂಬ ಅರ್ಥವನ್ನು ಅವಳ ಮನಸ್ಸೇ ಹಚ್ಚಿಕೊಳ್ಳುತ್ತಿದೆ. ಆ ಅರ್ಥವನ್ನು ಅವಳು ಕಲಿತದ್ದು ಶ್ರೋತ್ರಿಯವರ ಮನೆಯಲ್ಲೇ. ಮನೆ ಬಿಟ್ಟವಳ ತಲೆಯೊಳಗೆ ಮನೆ ಹಾಗೇ ಉಳಿದುಕೊಂಡಿತು.

ಇನ್ನೊಂದು ಕವಲಿನಲ್ಲಿ ರಾಜನ ಅಣ್ಣ ಸದಾಶಿವರಾಯರಿದ್ದಾರೆ, ಇತಿಹಾಸದ ಪ್ರಾಧ್ಯಾಪಕರು. ಬರೆಯಬೇಕಾದ ಮಹಾಗ್ರಂಥದ ಬೆನ್ನು ಹತ್ತಿ, ಅದಕ್ಕೆ ನೆರವಾಗುವ ಸಿಂಹಳದ ಸಂಶೋಧಕಿಯನ್ನು ಮದುವೆಯಾಗಿ, ಹೆಂಡತಿ ನಾಗಲಕ್ಷ್ಮಿಯನ್ನೂ ಮಗನನ್ನೂ ದೂರ ಮಾಡುತ್ತಾರೆ. ಕಾತ್ಯಾಯಿನಿ ಮಗುವನ್ನು ಬಿಟ್ಟದ್ದಕ್ಕೆ ಜೀವನವಿಡೀ ಬೇಯುತ್ತಾಳೆ. ಮಗನನ್ನು ಬಿಟ್ಟ ಈ ತಂದೆಗೆ ಅಂಥ ಬೇಗೆ ಇಲ್ಲ. ಹೆಣ್ಣಿಗೊಂದು ಗಂಡಿಗೊಂದು ಲೆಕ್ಕ ಎಂಬುದನ್ನು ಭಾಷಣವಿಲ್ಲದೆ ಈ ಎರಡು ಕವಲುಗಳು ತೋರಿಸಿಬಿಡುತ್ತವೆ.

ತರಗತಿಯಲ್ಲಿ ಕೂತ ಮಗ

ವರ್ಷಗಳು ಕಳೆದು ಆ ಮಗು ಹುಡುಗನಾಗಿ, ತಾಯಿ ಪಾಠ ಹೇಳುವ ಕಾಲೇಜಿಗೇ ಓದಲು ಬರುತ್ತಾನೆ. ಕಾತ್ಯಾಯಿನಿಯ ಕರುಳು ಚುರ್ರೆನ್ನುತ್ತದೆ. ಅವನು ತಣ್ಣಗಿದ್ದಾನೆ. ಅವನಿಗೆ ಅಜ್ಜ ಗೊತ್ತು, ಅಜ್ಜನ ಮಂತ್ರ ಗೊತ್ತು, ಲಕ್ಷ್ಮಿಯ ಕೈಯ ತುತ್ತು ಗೊತ್ತು. ಎದುರಿಗೆ ನಿಂತ ಹೆಂಗಸು ಅವನ ಪಾಲಿಗೆ ತನ್ನನ್ನು ಬಿಟ್ಟುಹೋದವಳು. ಅವನು ದ್ವೇಷಿಸಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತೇನೋ. ಏನೂ ಇಲ್ಲದ ಆ ಕಣ್ಣುಗಳ ಮುಂದೆ ಅವಳು ಕುಸಿಯುತ್ತಾಳೆ.

ಈ ಅಗಲಿಕೆ ಬರೀ ಒಂದು ಮನೆಯ ನಿಯಮವಾಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲಿ ಬಂದ ವಿಧವಾ ಪುನರ್ವಿವಾಹ ಕಾಯ್ದೆಯನ್ನು ನಾವು ಸುಧಾರಣೆಯ ದೊಡ್ಡ ಮೈಲಿಗಲ್ಲೆಂದು ಓದಿದ್ದೇವೆ, ಅದು ಹೌದು ಕೂಡ. ಅದೇ ಕಾಯ್ದೆಯ ಒಳಗೆ, ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾಳೆ ಎಂದಿತ್ತು. ಮಕ್ಕಳ ಪೋಷಕತ್ವ ತಮಗೆ ಬೇಕೆಂದು ಸತ್ತ ಗಂಡನ ಕಡೆಯವರು ಕೋರ್ಟಿಗೆ ಹೋಗಲು ಅವಕಾಶವೂ ಇತ್ತು. ಮದುವೆಯಾಗು, ಆದರೆ ಮಗುವನ್ನು ಇಲ್ಲಿ ಬಿಡು ಎಂಬ ಷರತ್ತನ್ನು ಸಮಾಜ, ಕಾನೂನು ಎರಡೂ ಕಾತ್ಯಾಯಿನಿಯರ ಮುಂದಿಟ್ಟಿದ್ದವು. ಶ್ರೋತ್ರಿಯವರು ಅದನ್ನೇ ಮೃದುವಾಗಿ, ಧರ್ಮದ ಮಾತಿನಲ್ಲಿ ಹೇಳಿದರು. ಮೃದುವಾಗಿ ಹೇಳಿದ್ದರಿಂದಲೇ ಅವಳಿಗೆ ಎದುರಾಡಲು ಆಗಲಿಲ್ಲ.

ಇದೇ ನೆಲೆಯಲ್ಲಿ ಜಪಾನಿನ ಯಸುಜಿರೊ ಓಜು ಅವರ ‘ಟೋಕಿಯೋ ಸ್ಟೋರಿ’ ನೆನಪಾಗುತ್ತದೆ. 1953ರ ಆ ಚಿತ್ರದಲ್ಲೂ ಒಬ್ಬ ಹಿರಿಯ ಮಾವ ಇದ್ದಾನೆ, ಯುದ್ಧದಲ್ಲಿ ಮಗ ಸತ್ತು ಒಂಟಿಯಾದ ಸೊಸೆ ನೊರಿಕೊ ಇದ್ದಾಳೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಬಿಡುವಿಲ್ಲ, ಮುದುಕರನ್ನು ಅಕ್ಕರೆಯಿಂದ ನೋಡಿಕೊಳ್ಳುವುದು ಆ ಸೊಸೆಯೇ. ಕೊನೆಗೆ ಮಾವ ಅವಳಿಗೆ, ನನ್ನ ಮಗನನ್ನು ಮರೆತು ಮತ್ತೆ ಮದುವೆಯಾಗು ಎಂದು ಹೇಳುತ್ತಾನೆ. ಶ್ರೋತ್ರಿಯವರಿಗೆ ಅದು ಸಾಧ್ಯವಾಗಲಿಲ್ಲ. ಓಜು ಅವರ ಮಾವನಿಗೆ ಅದು ಸುಲಭವಾದದ್ದಕ್ಕೆ ಒಂದು ಕಾರಣ ಕಣ್ಣೆದುರಿಗೇ ಇದೆ: ನೊರಿಕೊಗೆ ಮಗುವಿರಲಿಲ್ಲ. ವಂಶದ ಪ್ರಶ್ನೆ ಎದ್ದೇಳುವುದು ತೊಟ್ಟಿಲು ತೂಗುವ ಮನೆಯಲ್ಲಿ.

ರಸಬಾಳೆಯ ಕಂದು, ತಲಕಾಡಿನ ಶಾಪ

ಇಡೀ ಬದುಕನ್ನು ವಂಶದ ಶುದ್ಧಿಗಾಗಿ ಸವೆಸಿದ ಶ್ರೋತ್ರಿಯವರಿಗೆ ಇಳಿವಯಸ್ಸಿನಲ್ಲಿ ಒಂದು ಸತ್ಯ ಗೊತ್ತಾಗುತ್ತದೆ. ತಾವು ತಂದೆಯೆಂದು ತಿಳಿದವರಿಗೆ ತಾವು ಹುಟ್ಟಿದವರಲ್ಲ. ಆಸ್ತಿ ದಾಯಾದಿಗಳ ಪಾಲಾಗಬಾರದೆಂದು ಹಿಂದಿನವರು ಬೇರೊಬ್ಬನಿಂದ ಸಂತಾನ ಪಡೆದಿದ್ದರು. ಯಾವ ವಂಶದ ಹೆಸರಿನಲ್ಲಿ ಒಂದು ಮಗುವನ್ನು ತಾಯಿಯಿಂದ ಉಳಿಸಿಕೊಂಡರೋ ಆ ವಂಶದ ರಕ್ತ ಅವರಲ್ಲೇ ಇರಲಿಲ್ಲ.

ಶ್ರೋತ್ರಿಯವರ ಊರಿಗೇ ಹೆಸರು ತಂದ ಬೆಳೆಯೊಂದು ಈ ಮಾತನ್ನು ನನಗೆ ಚೆನ್ನಾಗಿ ಬಿಡಿಸಿ ಹೇಳಿದೆ. ನಂಜನಗೂಡು ರಸಬಾಳೆಗೆ ಬೀಜವಿಲ್ಲ. ಗೊನೆ ಕಡಿದ ಮೇಲೆ ತಾಯಿಗಿಡದ ಆಯುಸ್ಸು ಮುಗಿಯುತ್ತದೆ, ಬುಡದಲ್ಲಿ ಎದ್ದ ಕಂದು ಮುಂದಿನ ಗಿಡವಾಗುತ್ತದೆ. ಒಂದರೊಳಗೆ ಒಂದು, ಯಾವ ಬೆರಕೆಯೂ ಇಲ್ಲದ ವಂಶ ಅದು. ಅದರ ಕುತ್ತು ಇರುವುದೂ ಅಲ್ಲೇ. ಪನಾಮಾ ಸೊರಗು ರೋಗ ಮಣ್ಣಿನಿಂದ ಬೇರಿಗೆ ಹತ್ತಿತೆಂದರೆ ಕಂದಿನ ಜೊತೆಗೇ ಹೊಸ ತೋಟಕ್ಕೂ ಹೋಗುತ್ತದೆ. ಎಲ್ಲ ಗಿಡವೂ ಒಂದೇ ಆದ್ದರಿಂದ ತಡೆದು ನಿಲ್ಲುವ ಒಂದು ಗಿಡವೂ ಇರುವುದಿಲ್ಲ. ಭೌಗೋಳಿಕ ಸೂಚಿಯ ಗೌರವ ಪಡೆದ ಆ ಬೆಳೆ ದೇವರಸನಹಳ್ಳಿ ಸುತ್ತಿನ ತೋಟಗಳಲ್ಲಿ ಕೈಬೆರಳೆಣಿಕೆಗೆ ಇಳಿಯಲು ಈ ರೋಗ ದೊಡ್ಡ ಕಾರಣ. ಶ್ರೋತ್ರಿಯವರ ಮನೆ ಅಷ್ಟು ಕಾಲ ಉಳಿದದ್ದು ಹೊರಗಿನ ಬೀಜ ಬಂದಿದ್ದರಿಂದ. ಶುದ್ಧವಾಗಿದ್ದಿದ್ದರೆ ಅದು ಅಂದೇ ಮುಗಿದಿರುತ್ತಿತ್ತು.

ಈ ಸೀಮೆಗೆ ಇಂಥ ಕಥೆ ಹೊಸದೇನೂ ಅಲ್ಲ. ನಂಜನಗೂಡಿನಿಂದ ಹೊರಟ ಕಪಿಲೆ ಸುತ್ತೂರು ದಾಟಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ತಾಲ್ಲೂಕಿನ ತಲಕಾಡು, ಮಾಲಂಗಿಗಳ ಸುತ್ತ ಹಬ್ಬಿರುವ ಅಲಮೇಲಮ್ಮನ ಶಾಪವನ್ನು ಕೇಳದ ಮೈಸೂರಿಗರಿಲ್ಲ. 17ನೇ ಶತಮಾನದ ಆರಂಭದಲ್ಲಿ ರಾಜ ಒಡೆಯರ ಕಡೆಯವರು ಒಡವೆಗಾಗಿ ಬೆನ್ನಟ್ಟಿದಾಗ, ಹೊಳೆಗೆ ಹಾರುವ ಮುನ್ನ ಆಕೆ ಶಪಿಸಿದಳೆಂದು ಜನ ನಂಬುತ್ತಾರೆ. ತಲಕಾಡಿಗೆ ಮರಳು ಕವಿಯಲಿ, ಮಾಲಂಗಿಯಲ್ಲಿ ಹೊಳೆ ಮಡುಗಟ್ಟಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲಿ ಎಂಬುದು ಅದರ ತಿರುಳು. ಮರಳು, ನೀರು, ಮಕ್ಕಳು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಶಾಪ. ಮರಳು ತಲಕಾಡಿನ ಗುಡಿಗಳನ್ನು ಮುಚ್ಚಿದ್ದು ಕಣ್ಣಿಗೆ ಕಾಣುತ್ತದೆ. ಅರಮನೆಯಾದರೋ ದತ್ತು ಪಡೆದು ಮುಂದುವರಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಂದ ಹಿಡಿದು 2015ರಲ್ಲಿ ದತ್ತಕವಾಗಿ ಬಂದ ಯದುವೀರರವರೆಗೆ ಮೈಸೂರಿನ ಗದ್ದುಗೆ ತುಂಬಿದೆ. ರಕ್ತ ನಿಂತ ಕಡೆ ಸಾಕಿದ ಕೈ ವಂಶವನ್ನು ಎತ್ತಿಕೊಂಡು ನಡೆಯಿತು. ಅರಮನೆ ಇದನ್ನು ಬಹಿರಂಗವಾಗಿ, ದರ್ಬಾರಿನಲ್ಲಿ ಮಾಡಿತು. ಶ್ರೋತ್ರಿಯವರ ಮನೆ ಕದ್ದು ಮಾಡಿ ಬಚ್ಚಿಟ್ಟಿತು. ಬಚ್ಚಿಟ್ಟದ್ದೇ ಮೂರು ತಲೆಮಾರನ್ನು ಸುಟ್ಟಿತು.

ಸತ್ಯ ಗೊತ್ತಾದ ಮೇಲೆ ಶ್ರೋತ್ರಿಯವರು ಅದನ್ನು ನುಂಗಿಕೊಂಡು ಕೂರುವುದಿಲ್ಲ. ತಮ್ಮದಲ್ಲದ ಆಸ್ತಿಯನ್ನು ಕೈಬಿಡುತ್ತಾರೆ, ಮನೆ ಬಿಟ್ಟು ಸನ್ಯಾಸಕ್ಕೆ ಹೊರಡುತ್ತಾರೆ. ಹೊರಟ ದಾರಿಯಲ್ಲಿ ಸಾವಿನ ಹಾಸಿಗೆಯಲ್ಲಿರುವ ಕಾತ್ಯಾಯಿನಿಯನ್ನು ಕಾಣುತ್ತಾರೆ, ತಾಯಿಯ ಕೊನೆಗಾಲಕ್ಕೆ ಮಗ ಒದಗುವಂತೆ ಮಾಡುತ್ತಾರೆ. ಒಂದು ಕಾಲಕ್ಕೆ ಮಗು ಈ ವಂಶದ್ದು ಎಂದವರೇ ಈಗ ಮಗುವನ್ನು ತಾಯಿಗೆ ಒಪ್ಪಿಸುತ್ತಾರೆ. ಬಹಳ ತಡವಾಗಿತ್ತು. ಆದರೂ ಅಷ್ಟು ವಯಸ್ಸಿನಲ್ಲಿ ತನ್ನ ಇಡೀ ಬದುಕಿನ ಬುನಾದಿಯೇ ತಪ್ಪಿತ್ತೆಂದು ಒಪ್ಪಿ ಎದ್ದುಹೋಗುವ ತಂದೆ–ತಾತಂದಿರು ನಮ್ಮ ತೆರೆಯ ಮೇಲೂ ಕಡಿಮೆ, ನಮ್ಮ ಮನೆಗಳಲ್ಲೂ ಕಡಿಮೆ.

ಗಡ್ಡಪ್ಪನೂ ಎದ್ದುಹೋದವನೇ

ಶ್ರೋತ್ರಿಯವರ ಕಥೆಯನ್ನು ಮೇಲ್ಜಾತಿಯ ವೈದಿಕ ಮನೆಯೊಂದರ ಕಷ್ಟವೆಂದು ಬದಿಗಿಡುವವರು ಪಕ್ಕದ ಮಂಡ್ಯ ಜಿಲ್ಲೆಗೆ ಹೋಗಿ ‘ತಿಥಿ’ಯನ್ನು ನೋಡಬೇಕು. ರಾಮ್ ರೆಡ್ಡಿ ನಿರ್ದೇಶಿಸಿ, ನೊದೆಕೊಪ್ಪಲಿನವರೇ ಆದ ಈರೇಗೌಡ ಜೊತೆಗೂಡಿ ಬರೆದು, ಅದೇ ಊರಿನ ಜನರೇ ನಟಿಸಿದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. 101 ವರ್ಷ ಬಾಳಿದ ಸೆಂಚುರಿಗೌಡ ಸತ್ತಿದ್ದಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಜಮೀನು ಮಾರಿ ಹಣ ಮಾಡಿಕೊಳ್ಳುವ ಆತುರ ಮೊಮ್ಮಗ ತಮ್ಮಣ್ಣನಿಗೆ. ಖಾತೆ ತನ್ನ ಹೆಸರಿಗೆ ಬರಬೇಕಾದರೆ ನಡುವಿನ ತಲೆಮಾರಿನ ಗಡ್ಡಪ್ಪ ಒಪ್ಪಬೇಕು. ಅವನಿಗೋ ಜಮೀನೂ ಬೇಡ ಖಾತೆಯೂ ಬೇಡ. ಬ್ರಾಂದಿ ಕುಡಿಯುತ್ತ ಹೊಲ–ಗದ್ದೆಗಳಲ್ಲಿ ಅಲೆಯುತ್ತಾನೆ, ಕುರಿಗಾಹಿಗಳ ಜೊತೆ ಸೇರಿಕೊಳ್ಳುತ್ತಾನೆ. ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸಲು ಮಗ ಹೊರಡುತ್ತಾನೆ.

ನಗುತ್ತ ನೋಡುತ್ತಿದ್ದ ನಾವು ಒಂದು ರಾತ್ರಿ ಬೆಂಕಿಯ ಮುಂದೆ ಗಡ್ಡಪ್ಪ ಕುರಿಗಾಹಿಗಳಿಗೆ ಹೇಳುವ ಮಾತು ಕೇಳಿ ತಣ್ಣಗಾಗುತ್ತೇವೆ. ತನ್ನ ಹೆಂಡತಿಗೂ ತನ್ನ ಅಪ್ಪನಿಗೂ ಇದ್ದ ಸಂಬಂಧವನ್ನು ಅವನು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತಾನೆ. ಅವನ ಅಲೆದಾಟಕ್ಕೆ ಅಲ್ಲಿ ಬೇರು ಸಿಗುತ್ತದೆ. ಮನೆಯಲ್ಲಿ ಸಿಗದ ನೆಮ್ಮದಿಯನ್ನು ಅವನು ಬಯಲಿನಲ್ಲಿ, ಮರದ ನೆರಳಿನಲ್ಲಿ, ಕುರಿಹಿಂಡಿನ ಮಧ್ಯೆ ಕಂಡುಕೊಂಡಿದ್ದಾನೆ. ನಂಜನಗೂಡಿನ ಶ್ರೋತ್ರಿ ಮಂತ್ರ ಬಲ್ಲವರು, ನೊದೆಕೊಪ್ಪಲಿನ ಗಡ್ಡಪ್ಪ ಅಕ್ಷರಕ್ಕೂ ದೂರ. ಇಬ್ಬರ ಮನೆಯಲ್ಲೂ ಹುಟ್ಟಿನ ಗುಟ್ಟು ಮತ್ತು ಆಸ್ತಿ ಗಂಟುಬಿದ್ದಿವೆ, ಇಬ್ಬರೂ ಆಸ್ತಿಗೆ ಬೆನ್ನು ಹಾಕಿ ನಡೆಯುತ್ತಾರೆ. ಎರಡು ಚಿತ್ರಗಳ ನಡುವಿನ ನಾಲ್ಕು ದಶಕಗಳಲ್ಲಿ ಮಗುವಿನ ಮೇಲಿದ್ದ ಜಗ್ಗಾಟ ಜಮೀನಿನ ಮೇಲಕ್ಕೆ ಹೊರಳಿದೆ, ಅಷ್ಟೇ ವ್ಯತ್ಯಾಸ.

ಮುಡಿಯಿಂದ ಅಸ್ಥಿಯವರೆಗೆ

ಕಪಿಲೆಯ ದಂಡೆಯ ನಂಜನಗೂಡು, ತಿರುಮಕೂಡಲುಗಳಲ್ಲಿ ಒಂದು ದಿನ ಸುಮ್ಮನೆ ನಿಂತು ನೋಡಿದರೆ ಒಂದು ಸಂಸಾರದ ಆದಿ–ಅಂತ್ಯಗಳು ಕಾಣಸಿಗುತ್ತವೆ. ನಂಜನಗೂಡಿನಲ್ಲಿ ಸೋದರಮಾವನ ತೊಡೆಯ ಮೇಲೆ ಕೂತ ಕೂಸು ಕತ್ತಿ ತಾಗುವ ಮೊದಲೇ ಕಿರುಚುತ್ತದೆ. ನೀರು ಚಿಮುಕಿಸಿದ ಎಳೆಗೂದಲು ಎಸಳೆಸಳಾಗಿ ಬೀಳುತ್ತದೆ, ತಾಯಿ ಸೆರಗಿನಲ್ಲಿ ಬೋಳುತಲೆ ಒರೆಸುತ್ತಾಳೆ, ಮಗುವನ್ನು ಹೊಳೆಯಲ್ಲಿ ಮುಳುಗಿಸಿ ಎತ್ತುತ್ತಾರೆ. ಅದೇ ನೀರು ಕೆಳಗೆ ಹರಿದು ತಿರುಮಕೂಡಲಿನ ಸಂಗಮಕ್ಕೆ ಬಂದಾಗ, ಮೊಣಕಾಲು ಆಳದಲ್ಲಿ ನಿಂತ ಗಂಡುಮಗ ಕೆಂಪು ಬಟ್ಟೆ ಕಟ್ಟಿದ ಕುಡಿಕೆಯನ್ನು ಬಾಗಿಸುತ್ತಾನೆ. ಅಪ್ಪನ ಬೂದಿ ಕಾವೇರಿಗೆ ಸೇರುತ್ತದೆ. ಅಗಸ್ತ್ಯೇಶ್ವರ, ಗುಂಜಾ ನರಸಿಂಹಸ್ವಾಮಿ ಗುಡಿಗಳ ನಡುವಿನ ಈ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಭಕ್ತರು ನಂಬುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳವೂ ನಡೆಯುತ್ತಿದೆ.

ಮುಡಿ ಕೊಟ್ಟ ದಿನಕ್ಕೂ ಅಸ್ಥಿ ಬಿಟ್ಟ ದಿನಕ್ಕೂ ನಡುವೆ ಏನಾಯಿತು ಎಂಬುದನ್ನು ಹೊಳೆ ಕೇಳುವುದಿಲ್ಲ. ನಾವು ಕೇಳಿಕೊಳ್ಳಬೇಕು. ಮೈಸೂರಿನ ಬೆಳವಣಿಗೆ ನಂಜನಗೂಡಿನ ರಸ್ತೆ ಹಿಡಿದು ಬಂದ ಮೇಲೆ ಗದ್ದೆಗಳಿಗೆ ಸೈಟಿನ ಬೆಲೆ ಬಂದಿದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಅಪ್ಪ–ಅಮ್ಮ ಊರಿನಲ್ಲಿ ಬೀಗದ ಕೈ ಹಿಡಿದು ಕೂತಿದ್ದಾರೆ. ಫೋನಿನಲ್ಲಿ ಮೊದಲು ಬಿಪಿ, ಶುಗರ್ ವಿಚಾರಣೆ. ಎರಡನೆಯ ಮಾತೇ ಪಹಣಿ, ಪಾಲು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ದೇಶವೂ ಕೊಟ್ಟಿತು. ಹಾಗಿದ್ದೂ ಅರಿಶಿನ–ಕುಂಕುಮದ ತಟ್ಟೆಯ ಜೊತೆ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುವ ಅಣ್ಣಂದಿರು ಇದ್ದೇ ಇದ್ದಾರೆ. ಇನ್ನೊಂದು ಕಡೆ, ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು ಊಟಕ್ಕೆ ಕೈಚಾಚುವ ತಂದೆ–ತಾಯಿಗಾಗಿ 2007ರ ಹಿರಿಯ ನಾಗರಿಕರ ಕಾಯ್ದೆ ಬಂದಿದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಮಕ್ಕಳು ಮಾತು ತಪ್ಪಿದರೆ, ರದ್ದು ಮಾಡಿಸಲೂಬಹುದು. ಈ ಕಾಯ್ದೆ ಬೇಕು, ಅದನ್ನು ಬಳಸುವ ಹಿರಿಯರನ್ನು ಹಳಿಯಬಾರದು. ಆದರೆ ಅದು ಅನ್ನವನ್ನು ಕೊಡಿಸಬಲ್ಲದು. ಕಾತ್ಯಾಯಿನಿಯ ಮಗನ ಕಣ್ಣಲ್ಲಿದ್ದ ತಣ್ಣಗಿನ ದೂರವನ್ನು ಕರಗಿಸಲಾರದು.

ಆ ದೂರ ಕರಗಬೇಕಾದರೆ ಮಕ್ಕಳು ಚಿಕ್ಕವರಿದ್ದಾಗಲೇ ಅವರ ಮಾತಿಗೆ ಮನೆಯಲ್ಲಿ ಜಾಗವಿರಬೇಕು. ಗಂಡ–ಹೆಂಡತಿ ಬೇರೆಯಾಗುವ ಪ್ರಕರಣಗಳಲ್ಲಿ ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವಾಗ ಮಗುವಿನ ಹಿತವೇ ಮೊದಲು, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದು ಎಂದು ನಮ್ಮ ಕಾನೂನು ಹೇಳುತ್ತದೆ. ಕೋರ್ಟು ಕೇಳುವಷ್ಟನ್ನಾದರೂ ನಾವು ಮನೆಯಲ್ಲಿ ಕೇಳುತ್ತೇವೆಯೇ? ಯಾವ ಶಾಲೆ, ಯಾವ ಊರು, ಯಾವ ಮದುವೆ ಎಂಬುದೆಲ್ಲ ಮಗು ಮಲಗಿದ್ದಾಗ ನಿರ್ಧಾರವಾಗಿಬಿಡುತ್ತದೆ. ಬೆಳೆದ ಮೇಲೆ ಅದೇ ಮಕ್ಕಳು, ಅಪ್ಪ–ಅಮ್ಮ ಎಲ್ಲಿರಬೇಕು, ಮನೆ ಮಾರಬೇಕೇ ಬೇಡವೇ ಎಂಬುದನ್ನು ಅವರನ್ನು ಕೇಳದೆ ನಿರ್ಧರಿಸುತ್ತಾರೆ. ಕೇಳದಿರುವ ಅಭ್ಯಾಸವೂ ಒಂದು ವಂಶಪಾರಂಪರ್ಯವೇ, ಆಸ್ತಿಯ ಜೊತೆಗೆ ಅದೂ ಕೈಬದಲಾಗುತ್ತದೆ.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಮ್ಮನ್ನು ಅಗಲಿದರು. ಕಾರಂತರು, ಅಯ್ಯರ್, ಕಾರ್ನಾಡರು ಅದಕ್ಕೂ ಮೊದಲೇ ಹೋದರು. ಬರಹಗಾರ ಭೈರಪ್ಪನವರಿಗೂ ನಿರ್ದೇಶಕ ಕಾರ್ನಾಡರಿಗೂ ಮುಂದೆ ವಿಚಾರದಲ್ಲಿ ದಾರಿಗಳು ದೂರ ದೂರವಾದವು. ಆದರೂ ಒಂದು ಕಾಲದಲ್ಲಿ ಇಂಥವರೆಲ್ಲ ಒಂದೇ ಚಿತ್ರಕ್ಕೆ ಕೈಹಾಕಿ, ಯಾರ ಪರವೂ ವಾಲದ ಕೃತಿಯೊಂದನ್ನು ನಮಗೆ ಬಿಟ್ಟುಹೋದರು. ಅಯ್ಯರ್ ಅವರ ಹುಟ್ಟೂರಾದ ನಂಜನಗೂಡಿನಲ್ಲಿ, ಚೌಡಯ್ಯನವರ ತಿರುಮಕೂಡಲಿನಲ್ಲಿ ಈ ಚಿತ್ರವನ್ನು ವರ್ಷಕ್ಕೊಮ್ಮೆಯಾದರೂ ತೋರಿಸುವ ಏರ್ಪಾಡಾಗಬೇಕು. ಕಾಲೇಜುಗಳು ಮಾಡಲಿ, ರಂಗತಂಡಗಳು ಮಾಡಲಿ, ಪುರಸಭೆ–ನಗರಸಭೆಗಳು ಒಂದು ಪರದೆ ಕಟ್ಟಿಸಲಿ. ಅಜ್ಜ–ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ಕೂತು ನೋಡಲಿ. ಚಿತ್ರ ಮುಗಿದ ಮೇಲೆ ಕಾತ್ಯಾಯಿನಿ ಸರಿಯೋ ಶ್ರೋತ್ರಿ ಸರಿಯೋ ಎಂದು ವಾದ ಹತ್ತುವುದು ಖಂಡಿತ, ಹತ್ತಲಿ. ಆ ವಾದದಲ್ಲಿ ಮೊದಲ ಮಾತು ಅಲ್ಲಿ ಕೂತಿರುವ ಅತಿ ಚಿಕ್ಕ ಮಗುವಿನದಾಗಲಿ. ಉಳಿದವರು ಅದು ಮುಗಿಯುವ ತನಕ ಕೇಳಿಸಿಕೊಳ್ಳಲಿ.